ಗುಹೆ ನೋಡೋಕೆ ಪಾರ್ಕ್ ಪಾಸ್ ಸಾಕಾ? ಅಮೆರಿಕದ ನ್ಯಾಷನಲ್ ಪಾರ್ಕ್ ಗುಹೆಗಳಿಗೆ ಹೊರಡುವವರಿಗೆ

ಬೇಸಿಗೆ ಹತ್ತಿರ ಬಂದರೆ ಸಾಕು, ಅಮೆರಿಕದಲ್ಲಿರುವ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ನಮ್ಮತ್ರ ನ್ಯಾಷನಲ್ ಪಾರ್ಕ್ ಪಾಸ್ ಇದೆ, ಮ್ಯಾಮತ್ ಕೇವ್‌ಗೆ ಬೇರೆ ಟಿಕೆಟ್ ತಗೋಬೇಕಾ?"

ತಗೋಬೇಕು. ಪಾಸ್ ಇರುವುದು ಪಾರ್ಕಿನ ಗೇಟಿಗೆ. ಗುಹೆಯ ಟೂರ್‌ಗೆ ಬೇರೆಯೇ ಟಿಕೆಟ್. ಇನ್ನೂ ತಮಾಷೆ ಏನೆಂದರೆ, ಹೆಸರಾದ ಗುಹೆ ಪಾರ್ಕುಗಳಲ್ಲಿ ಬಹುಪಾಲು ಕಡೆ ಗೇಟಿನಲ್ಲಿ ದುಡ್ಡೇ ಕೇಳುವುದಿಲ್ಲ. ಕೆಂಟಕಿಯ ಮ್ಯಾಮತ್ ಕೇವ್, ಸೌತ್ ಡಕೋಟಾದ ವಿಂಡ್ ಕೇವ್ ಮತ್ತು ಜ್ಯುವೆಲ್ ಕೇವ್, ನೆವಾಡಾದ ಗ್ರೇಟ್ ಬೇಸಿನ್ ಪಾರ್ಕಿನಲ್ಲಿರುವ ಲೇಮನ್ ಕೇವ್ಸ್, ಆರೆಗಾನ್ ಕೇವ್ಸ್, ಇವಕ್ಕೆಲ್ಲ ಪ್ರವೇಶ ಶುಲ್ಕ ಇಲ್ಲ. ಟೂರ್ ಟಿಕೆಟ್ ಮಾತ್ರ. ಅಂದಮೇಲೆ 80 ಡಾಲರ್ ಪಾಸ್ ಹಿಡಿದುಕೊಂಡು ಅಲ್ಲಿಗೆ ಹೋದರೆ ಅದು ಜೇಬಿನಲ್ಲಿ ಸುಮ್ನೆ ಕೂತಿರುತ್ತದೆ.

ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಕ್ಯಾವರ್ನ್ಸ್ ಮಾತ್ರ ಬೇರೆ. ಅಲ್ಲಿ ಪಾಸ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಹಾಗಾಗಿ ಯಾವ ಗುಹೆ ಅನ್ನುವುದು ಮೊದಲು ತೀರ್ಮಾನ ಆಗಲಿ. ಪಾಸ್ ಬೇಕೋ ಬೇಡವೋ ಆಮೇಲೆ ನೋಡೋಣ.

ಮೊದಲು: ಯಾವ ಗುಹೆ?

ಗುಹೆ ಅಂದರೆ ಎಲ್ಲಾ ಒಂದೇ ಅಲ್ಲ. ಬೆಂಗಳೂರಿನಿಂದ ಆಂಧ್ರದ ಬೇಲಂ ಗುಹೆಗೆ ಹೋಗಿ ಬೆವರು ಸುರಿಸಿಕೊಂಡು ಬಂದವರು ಇಲ್ಲಿಯೂ ಅದೇ ಸೆಖೆ ಇರುತ್ತದೆ ಅಂದುಕೊಳ್ಳುತ್ತಾರೆ. ಇಲ್ಲಿ ತದ್ವಿರುದ್ಧ, ಒಳಗೆ ಚಳಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮ್ಯಾಮತ್ ಕೇವ್ ಪ್ರಪಂಚದಲ್ಲೇ ಅತಿ ಉದ್ದದ ಗುಹೆ. ಇಲ್ಲಿಯವರೆಗೆ ಅಳೆದಿರುವುದೇ 420 ಮೈಲಿಗಿಂತ ಜಾಸ್ತಿ, ಅಂದರೆ ಸುಮಾರು 680 ಕಿಲೋಮೀಟರ್. 1941ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು, 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಇಷ್ಟು ದೊಡ್ಡ ಹೆಸರು ಕೇಳಿಕೊಂಡು ಹೋದ ಎಷ್ಟೋ ಜನ "ಫೋಟೋದಲ್ಲಿ ಕಾಣೋ ಆ ಕಲ್ಲಿನ ಜೋಲುಗಳೆಲ್ಲ ಎಲ್ಲಿ?" ಅಂತ ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬರುತ್ತಾರೆ. ಇದಕ್ಕೆ ಕಾರಣ ಇದೆ. ಅಲ್ಲಿನ ಸುಣ್ಣಕಲ್ಲಿನ ಮೇಲೆ ಮರಳುಗಲ್ಲಿನ ಪದರ ಚಾವಣಿ ಥರ ಕೂತಿದೆ. ನೀರು ಸಲೀಸಾಗಿ ಕೆಳಗೆ ಇಳಿಯುವುದಿಲ್ಲ. ನೀರು ತೊಟ್ಟಿಕ್ಕದಿದ್ದರೆ ಸುಣ್ಣದ ಜೋಲೂ ಬೆಳೆಯುವುದಿಲ್ಲ. ಗುಹೆ ಇಷ್ಟು ಉದ್ದಕ್ಕೆ ಕುಸಿಯದೆ ಉಳಿದಿರುವುದೂ ಅದೇ ಮರಳುಗಲ್ಲಿನ ದೆಸೆಯಿಂದ. ಆ ಚಾವಣಿ ಕಿತ್ತುಹೋದ ಅಂಚುಗಳಲ್ಲಿ ಮಾತ್ರ ನೀವು ಫೋಟೋದಲ್ಲಿ ನೋಡಿದ ಅಲಂಕಾರ ಸಿಗುತ್ತದೆ. ಫ್ರೋಜನ್ ನಯಾಗರಾ ಅನ್ನುವ ಜಾಗ ಅಂಥದ್ದು.

ಆದ್ದರಿಂದ ಮ್ಯಾಮತ್‌ನಲ್ಲಿ ಟೂರ್ ಆರಿಸುವುದೇ ಮುಖ್ಯ ಕೆಲಸ. ಸುಣ್ಣದ ಜೋಲು, ಪರದೆ ನೋಡಬೇಕಾ? ಫ್ರೋಜನ್ ನಯಾಗರಾ ಟೂರ್ ಅಥವಾ ಡೋಮ್ಸ್ ಅಂಡ್ ಡ್ರಿಪ್‌ಸ್ಟೋನ್ಸ್ ಟೂರ್ ತಗೊಳ್ಳಿ. ಮೊದಲನೆಯದು ಚಿಕ್ಕದು, ಕಾಲು ಮೈಲಿ ನಡಿಗೆ, ವಯಸ್ಸಾದವರಿಗೂ ಪುಟ್ಟ ಮಕ್ಕಳಿಗೂ ಸರಿ. ಎರಡನೆಯದರಲ್ಲಿ ದೂರ ಮುಕ್ಕಾಲು ಮೈಲಿಯೇ ಆದರೂ ಸುಮಾರು 500 ಮೆಟ್ಟಿಲು, ಅದರಲ್ಲಿ ಶುರುವಿನಲ್ಲೇ ಒಂದು ದೊಡ್ಡ ಇಳಿತ.

ಕಥೆ ಬೇಕಾದವರಿಗೆ ಹಿಸ್ಟಾರಿಕ್ ಟೂರ್. ನನ್ನನ್ನು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಎರಡು ಗಂಟೆ, ಎರಡು ಮೈಲಿ, 540 ಮೆಟ್ಟಿಲು. 1812ರಲ್ಲಿ ಬ್ರಿಟನ್ ಜೊತೆ ಶುರುವಾದ ಯುದ್ಧದ ಕಾಲದಲ್ಲಿ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ತೆಗೆಯಲು ಇಲ್ಲಿ ಗುಲಾಮರನ್ನು ದುಡಿಸಿಕೊಂಡರು. ಅವರು ಬಳಸಿದ ಮರದ ತೊಟ್ಟಿಗಳು, ಟೊಳ್ಳು ಮರದ ಕೊಳವೆಗಳು ಇವತ್ತಿಗೂ ಇದ್ದ ಜಾಗದಲ್ಲೇ ಇವೆ. ಆಮೇಲೆ ಬಂದವನು ಸ್ಟೀಫನ್ ಬಿಷಪ್. ಅವನೂ ಗುಲಾಮನೇ. 1838ರಲ್ಲಿ ಗೈಡ್ ಕೆಲಸಕ್ಕೆ ಹಚ್ಚಿದರು. ಅಲ್ಲಿಯವರೆಗೆ ಯಾರೂ ದಾಟದ 'ಬಾಟಮ್‌ಲೆಸ್ ಪಿಟ್' ಎಂಬ ಆಳದ ಗುಂಡಿಯನ್ನು ದಾಟಿ ಆಚೆಗಿನ ಗುಹೆಗೆ ದಾರಿ ತೋರಿಸಿದವನು ಅವನು. ನೆನಪಿನಿಂದಲೇ ಗುಹೆಯ ನಕ್ಷೆ ಬರೆದ. ಈಗ ಆ ಗುಂಡಿಯ ಮೇಲೆ ಕಬ್ಬಿಣದ ಸೇತುವೆ ಇದೆ, ನಾವು ಕೆಳಗೆ ನೋಡದೆ ದಾಟಿಬಿಡುತ್ತೇವೆ.

ಅದಾದ ಮೇಲೆ 'ಫ್ಯಾಟ್ ಮ್ಯಾನ್ಸ್ ಮಿಸರಿ' ಅನ್ನುವ ಇಕ್ಕಟ್ಟು. ಸೊಂಟದ ಮಟ್ಟದಲ್ಲಿ ಎರಡೂ ಕಡೆ ಬಂಡೆ ಒತ್ತಿಕೊಂಡು ಬರುತ್ತದೆ, ಪಕ್ಕಕ್ಕೆ ತಿರುಗಿ ನುಸುಳಬೇಕು. ಎಷ್ಟೋ ತಲೆಮಾರಿನ ಜನರ ಕೈ, ಸೊಂಟ ಉಜ್ಜಿ ಉಜ್ಜಿ ಅಲ್ಲಿನ ಕಲ್ಲು ನುಣ್ಣಗೆ ಹೊಳೆಯುತ್ತದೆ. ಇಕ್ಕಟ್ಟು ಜಾಗ ಅಂದರೆ ಎದೆ ಡವಗುಟ್ಟುವವರು ಈ ಟೂರ್ ಬಿಡುವುದೇ ಒಳ್ಳೆಯದು. ಮಧ್ಯದಲ್ಲಿ ವಾಪಸ್ ಹೋಗುತ್ತೇನೆ ಅಂದರೆ ಇಡೀ ಗುಂಪಿಗೆ ತೊಂದರೆ.

ಕಾರ್ಲ್ಸ್‌ಬ್ಯಾಡ್ ಇನ್ನೊಂದು ಲೋಕ. ಸಾಮಾನ್ಯವಾಗಿ ಮಳೆನೀರಿನಲ್ಲಿ ಸೇರಿದ ಇಂಗಾಲಾಮ್ಲ ಸುಣ್ಣಕಲ್ಲನ್ನು ಕರಗಿಸಿ ಗುಹೆ ಆಗುತ್ತದೆ. ಇಲ್ಲಿ ಕೆಳಗಿನ ತೈಲ ನಿಕ್ಷೇಪಗಳಿಂದ ಮೇಲೆದ್ದ ಹೈಡ್ರೋಜನ್ ಸಲ್ಫೈಡ್ ಅನಿಲ ನೀರಿನ ಜೊತೆ ಸೇರಿ ಗಂಧಕಾಮ್ಲ ಆಗಿ ಕಲ್ಲನ್ನು ತಿಂದಿದೆ. ಅದಕ್ಕೇ ಅಷ್ಟು ದೊಡ್ಡ ದೊಡ್ಡ ಹಜಾರಗಳು. 'ಬಿಗ್ ರೂಮ್' ಸುತ್ತಲು ಒಂದೂಕಾಲು ಮೈಲಿ ದಾರಿ, ನಿಧಾನವಾಗಿ ಹೋದರೆ ಒಂದೂವರೆ ಗಂಟೆ. ಗೈಡ್ ಇಲ್ಲದೆ ನಮ್ಮ ಪಾಡಿಗೆ ನಾವು ನೋಡಬಹುದು ಅನ್ನುವುದೇ ಇಲ್ಲಿನ ಸುಖ. ಮಗು ಅತ್ತರೆ ನಿಲ್ಲಬಹುದು, ಅಪ್ಪ ಪ್ರತಿಯೊಂದು ಕಂಬದ ಮುಂದೆ ನಿಂತು ಇದು ಲಿಂಗ, ಇದು ಆದಿಶೇಷ ಅಂತ ಹೆಸರಿಡುತ್ತಾ ಕೂತರೂ ಯಾರೂ ಆತುರ ಮಾಡುವುದಿಲ್ಲ.

ವಿಂಡ್ ಕೇವ್‌ಗೆ ಹೋಗುವವರು ಅಲಂಕಾರಕ್ಕೆ ಹೋಗಬಾರದು, 'ಬಾಕ್ಸ್‌ವರ್ಕ್' ನೋಡೋಕೆ ಹೋಗಬೇಕು. ಚಾವಣಿಯ ತುಂಬ ಕಾಗದದಷ್ಟು ತೆಳುವಾದ ಕ್ಯಾಲ್ಸೈಟ್ ಅಲಗುಗಳು ಒಂದಕ್ಕೊಂದು ಅಡ್ಡ ಹಾಯ್ದು ಜೇನುಗೂಡಿನ ಹಾಗೆ ಹಬ್ಬಿವೆ. ಇಷ್ಟು ಬಾಕ್ಸ್‌ವರ್ಕ್ ಇರುವ ಗುಹೆ ಬೇರೆ ಕಡೆ ಸಿಗುವುದು ತೀರಾ ಅಪರೂಪ. ಮೂಲ ಬಾಯಿ ನಿಮ್ಮ ಮೈ ತೂರಿಸಲೂ ಕಷ್ಟವಾಗುವಷ್ಟು ಚಿಕ್ಕ ತೂತು. ಹೊರಗಿನ ವಾಯುಭಾರ ಏರಿಳಿದಂತೆ ಅದರಿಂದ ಗಾಳಿ ಒಳಕ್ಕೋ ಹೊರಕ್ಕೋ ನುಗ್ಗುತ್ತದೆ. 1881ರಲ್ಲಿ ಬಿಂಗಮ್ ಸಹೋದರರಲ್ಲಿ ಒಬ್ಬನ ಟೋಪಿಯನ್ನು ಆ ಗಾಳಿ ಹಾರಿಸಿತಂತೆ. ಅದಕ್ಕೂ ಎಷ್ಟೋ ಕಾಲ ಮುಂಚಿನಿಂದ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಈ ಜಾಗ ಗೊತ್ತಿತ್ತು. ತಮ್ಮ ಪೂರ್ವಿಕರು ಭೂಮಿಯೊಳಗಿಂದ ಮೇಲೆ ಬಂದದ್ದು ಇಲ್ಲಿಂದಲೇ ಅಂತ ಅವರ ನಂಬಿಕೆ. ಇವತ್ತಿಗೂ ಅದು ಅವರ ಪುಣ್ಯಸ್ಥಳ. 1903ರಲ್ಲಿ ನ್ಯಾಷನಲ್ ಪಾರ್ಕ್ ಆದ ಇದೇ, ಗುಹೆಗಾಗಿ ಮಾಡಿದ ಮೊದಲ ನ್ಯಾಷನಲ್ ಪಾರ್ಕ್.

ಈಗ ಪಾಸಿನ ಲೆಕ್ಕ

'ಅಮೆರಿಕ ದ ಬ್ಯೂಟಿಫುಲ್' ಅನ್ನುವ ವಾರ್ಷಿಕ ಪಾಸ್ 80 ಡಾಲರ್. 2026ರ ಜನವರಿ 1ರಿಂದ ಈ ದರ ಅಮೆರಿಕದಲ್ಲಿ ನೆಲೆಸಿರುವವರಿಗೆ ಮಾತ್ರ. ಅಮೆರಿಕದ ಸರ್ಕಾರಿ ಫೋಟೋ ಐಡಿ ತೋರಿಸಬೇಕು. ಹೊರದೇಶದಿಂದ ಬಂದವರಿಗೆ ಅದೇ ಪಾಸ್ 250 ಡಾಲರ್. ಅದರ ಜೊತೆಗೆ, ವಾರ್ಷಿಕ ಪಾಸ್ ಇಲ್ಲದ ಹೊರದೇಶದವರಿಗೆ 11 ದೊಡ್ಡ ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವನ್ನೂ ಹಾಕಿದರು. ಗ್ರ್ಯಾಂಡ್ ಕ್ಯಾನ್ಯನ್, ಯೋಸೆಮಿಟಿ, ಯೆಲ್ಲೋಸ್ಟೋನ್ ಎಲ್ಲಾ ಆ ಪಟ್ಟಿಯಲ್ಲಿವೆ. ಸಮಾಧಾನದ ಸಂಗತಿ ಅಂದರೆ ಮ್ಯಾಮತ್, ಕಾರ್ಲ್ಸ್‌ಬ್ಯಾಡ್, ವಿಂಡ್ ಕೇವ್ ಆ ಪಟ್ಟಿಯಲ್ಲಿ ಇಲ್ಲ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಗುಹೆ ಪಾರ್ಕುಗಳು ಜೇಬಿಗೆ ಹಗುರ.

ಲೆಕ್ಕ ಹಾಕುವುದು ಹೀಗೆ. ಕಾರ್ಲ್ಸ್‌ಬ್ಯಾಡ್‌ನಲ್ಲಿ 16 ವರ್ಷ ಮೇಲ್ಪಟ್ಟವರಿಗೆ ತಲಾ 15 ಡಾಲರ್, ಮಕ್ಕಳಿಗೆ ಫ್ರೀ. ಗಂಡ, ಹೆಂಡತಿ, ಎರಡು ಮಕ್ಕಳು ಅಂದರೆ 30 ಡಾಲರ್. ಅಷ್ಟಕ್ಕೆ ಪಾಸ್ ಕೊಳ್ಳುವುದು ಬೇಡ. ಅತ್ತೆ ಮಾವನೂ ಇದ್ದಾರೆ, ನಾಲ್ಕು ಜನ ದೊಡ್ಡವರು ಅಂದರೆ 60. ಆಗಲೂ ಪಾಸಿಗಿಂತ ಕಮ್ಮಿಯೇ. ಆದರೆ ಅಷ್ಟು ದೂರ ಹೋದವರು ಬರೀ ಗುಹೆ ನೋಡಿ ಬರುವುದಿಲ್ಲ, ಅಲ್ವಾ? ಟೆಕ್ಸಾಸ್ ಗಡಿಯ ಗ್ವಾಡಲೂಪೆ ಮೌಂಟನ್ಸ್‌ಗೆ ತಲಾ 10, ಅಂದರೆ 40. ವೈಟ್ ಸ್ಯಾಂಡ್ಸ್‌ಗೆ ಕಾರಿಗೆ 25. ಒಟ್ಟು 125 ಡಾಲರ್. ಈಗ 80 ಡಾಲರ್ ಪಾಸ್ ಲಾಭ. ತಲೆ ಎಣಿಸಿ ದುಡ್ಡು ತಗೊಳ್ಳುವ ಪಾರ್ಕಿನಲ್ಲಿ ಒಂದು ಪಾಸಿಗೆ ಅದರ ಮಾಲೀಕರು ಮತ್ತು ಜೊತೆಯ ಮೂವರು ದೊಡ್ಡವರು ಹೋಗಬಹುದು. ಕಾರಿನ ಲೆಕ್ಕದ ಪಾರ್ಕಿನಲ್ಲಿ ಕಾರಿನಲ್ಲಿರುವ ಎಲ್ಲರೂ.

ಅದೇ ಸೌತ್ ಡಕೋಟಾ ಕಡೆಯ ಪ್ರವಾಸಕ್ಕೆ ಲೆಕ್ಕ ಹಾಕಿ ನೋಡಿ. ವಿಂಡ್ ಕೇವ್, ಜ್ಯುವೆಲ್ ಕೇವ್ ಪ್ರವೇಶಕ್ಕೆ ದುಡ್ಡಿಲ್ಲ. ಮೌಂಟ್ ರಷ್‌ಮೋರ್‌ನಲ್ಲಿ ಪಾರ್ಕಿಂಗಿಗೆ ಮಾತ್ರ ದುಡ್ಡು, ಅದಕ್ಕೆ ಪಾಸ್ ನಡೆಯುವುದಿಲ್ಲ. ಕಸ್ಟರ್ ಪಾರ್ಕ್ ರಾಜ್ಯ ಸರ್ಕಾರದ್ದು, ಅಲ್ಲೂ ನಡೆಯುವುದಿಲ್ಲ. ಉಳಿದದ್ದು ಬ್ಯಾಡ್‌ಲ್ಯಾಂಡ್ಸ್ 30 ಡಾಲರ್, ಡೆವಿಲ್ಸ್ ಟವರ್ 25 ಡಾಲರ್. 55 ಡಾಲರ್ ಉಳಿಸೋಕೆ 80 ಡಾಲರ್ ಪಾಸ್ ಯಾಕೆ? ವರ್ಷದೊಳಗೆ ಬೇರೆ ಪಾರ್ಕಿಗೆ ಹೋಗುವ ಯೋಚನೆ ಇದ್ದರೆ ಮಾತ್ರ ತಗೊಳ್ಳಿ.

ಗುಹೆಯ ಟೂರ್ ಟಿಕೆಟ್ಟಿನಲ್ಲೇ ಉಳಿತಾಯ ಬೇಕೆಂದರೆ ದಾರಿ ಇರುವುದು ಎರಡೇ ಪಾಸಿಗೆ. ಸೀನಿಯರ್ ಪಾಸ್ ಮತ್ತು ಆಕ್ಸೆಸ್ ಪಾಸ್. ಸೀನಿಯರ್ ಪಾಸ್ 62 ದಾಟಿದವರಿಗೆ: ವರ್ಷಕ್ಕೆ 20 ಡಾಲರ್, ಜೀವನಪೂರ್ತಿಗೆ 80. ನಾಲ್ಕು ವರ್ಷ 20ರ ಪಾಸ್ ತಗೊಂಡವರು ಆ ನಾಲ್ಕನ್ನೂ ಕೊಟ್ಟು ಜೀವನಪೂರ್ತಿಯದಕ್ಕೆ ಬದಲಾಯಿಸಿಕೊಳ್ಳಬಹುದು. ಆಕ್ಸೆಸ್ ಪಾಸ್ ಶಾಶ್ವತ ಅಂಗವೈಕಲ್ಯ ಇರುವವರಿಗೆ, ಅದು ಉಚಿತ. ಮ್ಯಾಮತ್ ಕೇವ್‌ನಲ್ಲಿ ಈ ಎರಡರಲ್ಲಿ ಒಂದು ಪಾಸ್ ಇದ್ದವರ ಟೂರ್ ಟಿಕೆಟ್ ಅರ್ಧ ದರಕ್ಕೆ ಸಿಗುತ್ತದೆ. ಕಾರ್ಲ್ಸ್‌ಬ್ಯಾಡ್‌ನಲ್ಲಿ ರೇಂಜರ್ ಕರೆದುಕೊಂಡು ಹೋಗುವ ಕಿಂಗ್ಸ್ ಪ್ಯಾಲೇಸ್‌ನಂಥ ಟೂರ್‌ಗೂ ಹಾಗೆಯೇ. ಆದರೆ ರಿಯಾಯಿತಿ ಪಾಸ್ ಯಾರ ಹೆಸರಿನಲ್ಲಿದೆಯೋ ಅವರೊಬ್ಬರ ಟಿಕೆಟ್ಟಿಗೆ. ಮನೆಮಂದಿಗೆಲ್ಲ ಅಲ್ಲ.

ಇಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಸೀನಿಯರ್ ಮತ್ತು ಆಕ್ಸೆಸ್ ಪಾಸ್ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬಂದ ತಾಯಿಗೆ 70 ವರ್ಷ ಆಗಿದ್ದರೂ ಸಿಗುವುದಿಲ್ಲ. ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ, ಪೂರ್ತಿ ಟಿಕೆಟ್ ತಗೊಂಡುಬಿಡಿ. ಹಾಗೇ ಆನ್‌ಲೈನಿನಲ್ಲಿ ಅರ್ಧ ದರದ ಟಿಕೆಟ್ ಆರಿಸಿದ್ದರೆ ಅಲ್ಲಿ ಪಾಸ್ ಮತ್ತು ಐಡಿ ಎರಡನ್ನೂ ತೋರಿಸಬೇಕಾಗುತ್ತದೆ.

ಪಾರ್ಕುಗಳಿಗೆ ಉಚಿತ ಪ್ರವೇಶದ ದಿನಗಳು ಅಂತ ಇರುತ್ತವೆ. ಆ ದಿನ ಗೇಟ್ ಶುಲ್ಕ ಬಿಡುತ್ತಾರೆ, ಟೂರ್ ಟಿಕೆಟ್ ಬಿಡುವುದಿಲ್ಲ. ಜನಜಂಗುಳಿ ಬೇರೆ. ಗುಹೆ ನೋಡೋಕೆ ಆ ದಿನ ಹೋಗಬೇಡಿ.

ಟಿಕೆಟ್ ಕಾಯ್ದಿರಿಸುವುದು

ಎಲ್ಲಾ 'ರಿಕ್ರಿಯೇಷನ್ ಡಾಟ್ ಗವ್' ತಾಣದಲ್ಲೇ. ಮೊದಲೇ ಒಂದು ಖಾತೆ ತೆರೆದು ಕಾರ್ಡ್ ವಿವರ ಹಾಕಿಟ್ಟುಕೊಂಡರೆ ಆ ಹೊತ್ತಿನ ಗಡಿಬಿಡಿ ತಪ್ಪುತ್ತದೆ. ಬೇಸಿಗೆಯಲ್ಲೂ ಉದ್ದ ವಾರಾಂತ್ಯಗಳಲ್ಲೂ ಮ್ಯಾಮತ್ ಟೂರ್‌ಗಳು ತುಂಬಿಹೋಗುತ್ತವೆ. ಹೋಟೆಲ್ ಬುಕ್ ಮಾಡಿ ಆಮೇಲೆ ಟೂರ್ ಹುಡುಕಬೇಡಿ. ಮೊದಲು ಟೂರ್, ಆಮೇಲೆ ಹೋಟೆಲ್. ತುಂಬಿಹೋಗಿದ್ದರೆ ಟೂರ್‌ಗೆ ಮುಂಚಿನ ಎರಡು ಮೂರು ದಿನ ಬೆಳಗ್ಗೆ ಸಂಜೆ ಇಣುಕಿ ನೋಡುತ್ತಿರಿ, ರದ್ದು ಮಾಡಿದವರ ಟಿಕೆಟ್ ವಾಪಸ್ ಪಟ್ಟಿಗೆ ಬರುತ್ತದೆ.

ಕಾರ್ಲ್ಸ್‌ಬ್ಯಾಡ್‌ನಲ್ಲಿ ಎರಡು ಹಂತ. ಒಂದು ಡಾಲರ್ ಕೊಟ್ಟು ಆನ್‌ಲೈನಿನಲ್ಲಿ ಕಾಯ್ದಿರಿಸುವುದು ಒಳಗೆ ಹೋಗುವ ಹೊತ್ತನ್ನು ಮಾತ್ರ. ಪ್ರವೇಶ ಟಿಕೆಟ್ ಅಲ್ಲಿಗೆ ಹೋದ ಮೇಲೆ ತಗೊಳ್ಳಬೇಕು, ಪಾಸ್ ತೋರಿಸುವುದೂ ಆಗಲೇ. ಪಾಸ್ ಇದ್ದವರಿಗೂ ಆ ಒಂದು ಡಾಲರಿನ ಕಾಯ್ದಿರಿಸುವಿಕೆ ತಪ್ಪಿದ್ದಲ್ಲ.

ಗಡಿಯಾರ ನೋಡಿಕೊಳ್ಳಿ. ಮ್ಯಾಮತ್ ಕೇವ್ ಇರುವುದು ಸೆಂಟ್ರಲ್ ಸಮಯದಲ್ಲಿ. ಅದೇ ರಾಜ್ಯದ ಲೂಯಿವಿಲ್ ಇರುವುದು ಈಸ್ಟರ್ನ್ ಸಮಯದಲ್ಲಿ, ಒಂದು ಗಂಟೆ ಮುಂದೆ. ಲೂಯಿವಿಲ್ ಕಡೆಯಿಂದ ಬಂದವರಿಗೆ ಒಂದು ಗಂಟೆ ಸಿಕ್ಕಿದ ಹಾಗೆ. ವಾಪಸ್ ಹೋಗುವಾಗ ಅಷ್ಟೇ ಕಳೆದುಕೊಳ್ಳುತ್ತೀರಿ, ಸಂಜೆ ವಿಮಾನ ಇದ್ದರೆ ಎಚ್ಚರ. ನ್ಯಾಶ್‌ವಿಲ್‌ನಿಂದ ಬರುವವರಿಗೆ ಈ ತಲೆನೋವಿಲ್ಲ. ಕಾರ್ಲ್ಸ್‌ಬ್ಯಾಡ್ ಮೌಂಟನ್ ಸಮಯ. ಡಲ್ಲಾಸ್, ಆಸ್ಟಿನ್‌ನಿಂದ ಹೊರಟವರು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಬೇಕು.

ಮ್ಯಾಮತ್‌ಗೆ ಹೋಗುವಾಗ ಜಿಪಿಎಸ್ ಕೆಲವೊಮ್ಮೆ ಗ್ರೀನ್ ರಿವರ್ ದಡಕ್ಕೆ, ಕಾರುಗಳನ್ನು ದಾಟಿಸುವ ದೋಣಿಯ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ. ನೀರು ಏರಿದಾಗಲೂ ಇಳಿದಾಗಲೂ ದೋಣಿ ನಿಲ್ಲಿಸುತ್ತಾರೆ. ವಿಸಿಟರ್ ಸೆಂಟರ್ ಅಂತಲೇ ಹಾಕಿ, ಹೆದ್ದಾರಿಯಿಂದ ಬರುವ ದಾರಿ ಹಿಡಿಯಿರಿ. ಫೋನ್ ಸಿಗ್ನಲ್ ನಂಬಬೇಡಿ. ಟಿಕೆಟ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಯಾರು ಬರುತ್ತಿದ್ದಾರೆ ಅನ್ನುವುದರ ಮೇಲೆ ದಾರಿ

"ಏನೂ ಆಗಲ್ಲ ಬಿಡಪ್ಪ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನು ನಾನು" ಅಂತ ಮಾವ ಹೇಳುತ್ತಾರೆ. ಹತ್ತಿದ್ದು ಯಾವ ಕಾಲದಲ್ಲಿ ಅಂತ ಮೆಲ್ಲಗೆ ಕೇಳಿ. ಗುಹೆಯ ಕಷ್ಟ ಏನೆಂದರೆ ಮೊದಲು ಇಳಿತ, ಆಮೇಲೆ ಹತ್ತುವುದು. ಇಳಿಯುವಾಗ ಎಲ್ಲರೂ ಹುಮ್ಮಸ್ಸಿನಲ್ಲಿರುತ್ತಾರೆ. ಮೊಣಕಾಲು ಮಾತಾಡೋಕೆ ಶುರು ಮಾಡುವುದು ಆಮೇಲೆ.

ಮೊಣಕಾಲು ನೋವಿರುವವರಿಗೆ ಕಾರ್ಲ್ಸ್‌ಬ್ಯಾಡ್ ಬಿಗ್ ರೂಮ್‌ಗಿಂತ ಒಳ್ಳೆಯ ಜಾಗ ಇಲ್ಲ. ಲಿಫ್ಟ್ ಇದೆ, ದಾರಿ ಹೆಚ್ಚುಕಮ್ಮಿ ಸಮ, ಒಂದಷ್ಟು ಭಾಗಕ್ಕೆ ಗಾಲಿಕುರ್ಚಿಯೂ ಹೋಗುತ್ತದೆ. ಕಾಲು ಗಟ್ಟಿ ಇದ್ದವರು ಮಾತ್ರ 'ನ್ಯಾಚುರಲ್ ಎಂಟ್ರೆನ್ಸ್' ದಾರಿ ಹಿಡಿಯಲಿ. ಒಂದೂಕಾಲು ಮೈಲಿಯಲ್ಲಿ ಸುಮಾರು 750 ಅಡಿ ಇಳಿಯಬೇಕು. ಮನೆಯವರು ಇಬ್ಬಿಬ್ಬರಾಗಿ ಬೇರೆಯಾಗಿ, ಕೆಲವರು ನಡೆದು, ಕೆಲವರು ಲಿಫ್ಟಿನಲ್ಲಿ ಇಳಿದು ಕೆಳಗಿನ ವಿಶ್ರಾಂತಿ ಜಾಗದಲ್ಲಿ ಸೇರಿಕೊಂಡರೆ ಎಲ್ಲರಿಗೂ ನೆಮ್ಮದಿ. ಹತ್ತಿ ಬರುವುದಕ್ಕೆ ಎಲ್ಲರಿಗೂ ಲಿಫ್ಟ್. ನಡೆದು ಇಳಿಯುವವರನ್ನು ಮಧ್ಯಾಹ್ನಕ್ಕೇ ಬಿಡುವುದು ನಿಲ್ಲಿಸುತ್ತಾರೆ, ಆದ್ದರಿಂದ ಬೆಳಗಿನ ಹೊತ್ತನ್ನೇ ಕಾಯ್ದಿರಿಸಿ. ಲಿಫ್ಟುಗಳು ರಿಪೇರಿಗೆ ನಿಲ್ಲುವುದುಂಟು. ಹೊರಡುವ ಹಿಂದಿನ ದಿನ ಪಾರ್ಕಿನ ಜಾಲತಾಣದಲ್ಲಿ ಎಚ್ಚರಿಕೆ ಪಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ವಿಂಡ್ ಕೇವ್, ಜ್ಯುವೆಲ್ ಕೇವ್‌ಗೂ ಇದೇ ಮಾತು.

ಪುಟ್ಟ ಮಕ್ಕಳ ತಳ್ಳುಗಾಡಿಗೆ ಮ್ಯಾಮತ್‌ನಲ್ಲೂ ಕಾರ್ಲ್ಸ್‌ಬ್ಯಾಡ್‌ನಲ್ಲೂ ಒಳಗೆ ಜಾಗ ಇಲ್ಲ. ಲೋಹದ ಚೌಕಟ್ಟಿನ ಬೆನ್ನುಚೀಲದಲ್ಲಿ ಮಗು ಕೂರಿಸಿಕೊಂಡು ಹೋಗುವುದನ್ನೂ ಮ್ಯಾಮತ್‌ನಲ್ಲಿ ಬಿಡುವುದಿಲ್ಲ, ತಗ್ಗು ಚಾವಣಿಗೆ ಮಗುವಿನ ತಲೆ ತಗುಲುತ್ತದೆ. ಮುಂದೆ ಕಟ್ಟಿಕೊಳ್ಳುವ ಬಟ್ಟೆಯ ಜೋಳಿಗೆ ತಗೊಳ್ಳಿ. ಆರೆಗಾನ್ ಕೇವ್ಸ್ ಟೂರ್‌ಗೆ ಮಕ್ಕಳು 42 ಅಂಗುಲ ಎತ್ತರ ಇರಲೇಬೇಕು. ಮನೆಯಲ್ಲೇ ಅಳೆದು ನೋಡಿ.

ಏನು ಹಾಕಿಕೊಳ್ಳಬೇಕು, ಏನು ಒಯ್ಯಬಾರದು

ಹೊರಗೆ ಎಷ್ಟೇ ಬಿಸಿಲಿರಲಿ, ಮ್ಯಾಮತ್ ಮತ್ತು ವಿಂಡ್ ಕೇವ್ ಒಳಗೆ ಸುಮಾರು 12 ಡಿಗ್ರಿ ಸೆಲ್ಸಿಯಸ್, ಕಾರ್ಲ್ಸ್‌ಬ್ಯಾಡ್‌ನಲ್ಲಿ 13. ಜ್ಯುವೆಲ್ ಕೇವ್ ಇನ್ನೂ ತಣ್ಣಗೆ, 9ರ ಆಸುಪಾಸು. ಜುಲೈಯಲ್ಲಿ ಸ್ವೆಟರ್ ತಗೊಳ್ಳಿ ಅಂದರೆ ಊರಿಂದ ಬಂದವರು ನಗುತ್ತಾರೆ, ಆದರೂ ತಗೊಳ್ಳಿ. ಬೂಟು ಹಿಡಿತ ಇರುವಂಥದ್ದು, ಬೆರಳು ಮುಚ್ಚುವಂಥದ್ದು. ಚಪ್ಪಲಿ ಬೇಡವೇ ಬೇಡ. ಸೀರೆ ಉಡುವ ಅಮ್ಮಂದಿರಿಗೆ ಒಂದು ಮಾತು: ಒದ್ದೆ ಮೆಟ್ಟಿಲಲ್ಲಿ ನೆರಿಗೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಅವತ್ತೊಂದು ದಿನ ಸಲ್ವಾರ್ ಹಾಕಿಕೊಂಡು, ವೇಲನ್ನು ಸೊಂಟಕ್ಕೆ ಸುತ್ತಿಕೊಂಡರೆ ಕೈ ಎರಡೂ ಕಂಬಿ ಹಿಡಿಯಲು ಬಿಡುವಾಗಿರುತ್ತವೆ.

ನೀರು ಬಿಟ್ಟು ತಿಂಡಿ, ಚೂಯಿಂಗ್ ಗಮ್ ಏನೂ ಒಳಗೆ ಬೇಡ. ಚಿತ್ರಾನ್ನ, ಚಪಾತಿ ಡಬ್ಬಿ ಕಾರಿನಲ್ಲೇ ಇರಲಿ, ಹೊರಗೆ ಮರದ ಕೆಳಗೆ ಬೆಂಚುಗಳಿವೆ. ಮ್ಯಾಮತ್‌ನಲ್ಲಿ ಫೋಟೋ ತೆಗೆಯಬಹುದು, ಆದರೆ ಫ್ಲ್ಯಾಶ್ ಮತ್ತು ಟ್ರೈಪಾಡ್ ಇಲ್ಲ. ಕಲ್ಲಿನ ಜೋಲು, ಪರದೆ ಮುಟ್ಟಬೇಡಿ. ಕೈಯ ಜಿಡ್ಡು ಹತ್ತಿದ ಕಡೆ ಸುಣ್ಣದ ನೀರು ನಿಲ್ಲುವುದಿಲ್ಲ, ಅಲ್ಲಿಗೆ ಬೆಳವಣಿಗೆ ನಿಂತು ಕಲ್ಲು ಕಪ್ಪಾಗುತ್ತದೆ. ಮಕ್ಕಳಿಗೆ ಇದನ್ನು ಕಾರಿನಲ್ಲೇ ಹೇಳಿಟ್ಟರೆ ಒಳಗೆ ಕಿರುಚಾಡುವ ಕೆಲಸ ಇರುವುದಿಲ್ಲ.

ಕಾರ್ಲ್ಸ್‌ಬ್ಯಾಡ್‌ನಲ್ಲಿ ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಸಂಜೆ ಹೊತ್ತು ಬಾವಲಿ ಹಾರುವುದನ್ನು ನೋಡಲು ಗುಹೆಯ ಬಾಯಿಯ ಎದುರು ಕಲ್ಲಿನ ಆಸನಗಳಿವೆ. ಅದು ಉಚಿತ, ಟಿಕೆಟ್ ಬೇಡ. ಆದರೆ ಫೋನ್, ಕ್ಯಾಮೆರಾ ಎಲ್ಲಾ ಆಫ್ ಮಾಡಿಸುತ್ತಾರೆ, ಬಾವಲಿಗಳಿಗೆ ತೊಂದರೆ ಆಗುತ್ತದೆ ಅಂತ. ಜುಲೈ ಕೊನೆ, ಆಗಸ್ಟ್‌ನಲ್ಲಿ ಆ ವರ್ಷದ ಮರಿಗಳೂ ಹಾರಲು ಕಲಿತಿರುತ್ತವೆ, ಗುಂಪು ದೊಡ್ಡದಿರುತ್ತದೆ. ಹೇಗೂ ಅಲ್ಲಿಯವರೆಗೆ ಹೋಗಿರುತ್ತೀರಿ, ಸಂಜೆವರೆಗೆ ಉಳಿದುಕೊಳ್ಳಿ.

ಪಾಸ್ ನಡೆಯದ ಗುಹೆಗಳು

ವರ್ಜೀನಿಯಾದ ಲೂರೇ ಕ್ಯಾವರ್ನ್ಸ್, ಟೆನೆಸ್ಸಿಯ ರೂಬಿ ಫಾಲ್ಸ್, ಸ್ಯಾನ್ ಆಂಟೋನಿಯೋ ಹತ್ತಿರದ ನ್ಯಾಚುರಲ್ ಬ್ರಿಡ್ಜ್ ಕ್ಯಾವರ್ನ್ಸ್ ಖಾಸಗಿಯವರದ್ದು. ಅಲ್ಲಿ ಪಾರ್ಕ್ ಪಾಸ್ ತೋರಿಸಿದರೆ ನಯವಾಗಿ ವಾಪಸ್ ಕೊಡುತ್ತಾರೆ. ಅರಿಝೋನಾದ ಕಾರ್ಚ್ನರ್ ಕ್ಯಾವರ್ನ್ಸ್ ಸರ್ಕಾರದ್ದೇ, ಆದರೆ ರಾಜ್ಯದ ಪಾರ್ಕ್. ಅಲ್ಲೂ ನಡೆಯುವುದಿಲ್ಲ. ಆದರೂ ಅದನ್ನು ಬಿಡಬೇಡಿ. 1974ರಲ್ಲಿ ಅದನ್ನು ಕಂಡುಹಿಡಿದ ಗ್ಯಾರಿ ಟೆನೆನ್ ಮತ್ತು ರ‍್ಯಾಂಡಿ ಟಫ್ಟ್ಸ್ ಜನ ನುಗ್ಗಿ ಹಾಳುಮಾಡುತ್ತಾರೆ ಅಂತ ಹೆದರಿ 1988ರವರೆಗೆ ಗುಟ್ಟಾಗಿಟ್ಟಿದ್ದರು. ಅದು ಇನ್ನೂ ನೀರು ಜಿನುಗುತ್ತಿರುವ, ಬೆಳೆಯುತ್ತಿರುವ ಗುಹೆ. ಒಳಗೆ ಬೆಚ್ಚಗೆ, ತೇವ ಜಾಸ್ತಿ, ಸ್ವೆಟರ್ ಬೇಡ. ಫೋನನ್ನೂ ಒಳಗೆ ಬಿಡುವುದಿಲ್ಲ.

ಒಂದೇ ಪ್ರವಾಸದಲ್ಲಿ ಎರಡು ಗುಹೆ ನೋಡುವವರು ಬೂಟಿನ ವಿಷಯ ಮರೆಯಬೇಡಿ. ಬಾವಲಿಗಳಿಗೆ 'ವೈಟ್ ನೋಸ್' ಅನ್ನುವ ಬೂಸ್ಟಿನ ರೋಗ ಹಬ್ಬಿ ಲಕ್ಷಾಂತರ ಬಾವಲಿಗಳು ಸತ್ತಿವೆ. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲು ಕಂಡಿತು. ಅದರ ಬೀಜಕಣ ನಮ್ಮ ಬೂಟು, ಬಟ್ಟೆಗೆ ಅಂಟಿಕೊಂಡು ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಮ್ಯಾಮತ್‌ನಲ್ಲಿ ಟೂರ್ ಮುಗಿಸಿ ಹೊರಬರುವ ಎಲ್ಲರನ್ನೂ ಸೋಪು ನೀರಿನ ಚಾಪೆಗಳ ಮೇಲೆ ನಡೆಸುತ್ತಾರೆ, ಮುಂದೆ ಹಾರಿ ದಾಟಬೇಡಿ, ಪೂರ್ತಿ ತುಳಿದು ಬನ್ನಿ. ಮುಂದಿನ ಗುಹೆಗೆ ಬೇರೆ ಬೂಟು, ಒಗೆದ ಬೇರೆ ಬಟ್ಟೆ ಇಟ್ಟುಕೊಳ್ಳಿ. ಬೇರೆ ಗುಹೆಗೆ ಹೋಗಿದ್ದಿರಾ ಅಂತ ರೇಂಜರ್ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಬೇಕಿದ್ದರೆ ಅಲ್ಲೇ ಬೂಟು ಒರೆಸಿ ಒಳಗೆ ಕಳಿಸುತ್ತಾರೆ.